ಸಿರಿತನ ದೈವಕೃಪೆಯ ಗುರುತಲ್ಲ

ಮಾನ್ಯ ಸಂಪಾದಕರೇ,

ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ನಮ್ಮ ಮೂಡಿಗೆರೆ ಸೀಮೆಯ ಜೀರ್ಣೋದ್ಧಾರ ಸಭೆಗಳಲ್ಲೂ ಉತ್ಸವಗಳಲ್ಲೂ ‘ದೇವರು ನಮ್ಮ ಕಡೆ ಕಣ್ಣು ಬಿಟ್ಟ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಬೆಳೆಗಾರನಾದ ನಾನೂ ಆ ಬೆಲೆಯ ಫಲ ಉಂಡವನೇ. ಫಸಲು ಕೈಸೇರಿದಾಗ ದೇವರಿಗೆ ಕೈಮುಗಿಯುವುದು ನಮ್ಮ ಹಿರಿಯರಿಂದ ಬಂದ ನಡವಳಿಕೆ, ಅದು ಇರಲಿ. ಆದರೆ ಕೃತಜ್ಞತೆಯ ಆ ಮಾತು ‘ನಮ್ಮಲ್ಲಿ ಸಂಪತ್ತಿದೆ, ಆದ್ದರಿಂದ ನಾವು ದೇವರಿಗೆ ಬೇಕಾದವರು’ ಎಂಬ ತೀರ್ಮಾನಕ್ಕೆ ತಿರುಗುತ್ತಿರುವುದು ನನ್ನನ್ನು ಕಾಡುತ್ತಿದೆ.

ಈ ಬೆಲೆ ಎಲ್ಲಿಂದ ಬಂತು ಎಂಬುದು ಬೆಳೆಗಾರರಿಗೆಲ್ಲ ಗೊತ್ತು. ರೊಬಸ್ಟಾ ಜಾತಿಯ ಕಾಫಿ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿನದಾದ ವಿಯೆಟ್ನಾಂನಲ್ಲಿ ಬರ ಬಿತ್ತು. 2024ರಲ್ಲಿ ಬ್ರೆಜಿಲ್ ಕೂಡ ಮಳೆಯಿಲ್ಲದೆ ಒಣಗಿತು. ಅಲ್ಲಿಯ ರೈತನ ಗಿಡ ಬಾಡಿದ್ದರಿಂದ ಇಲ್ಲಿ ನಮ್ಮ ಚೀಲಕ್ಕೆ ದರ ಏರಿತು. ಇದನ್ನು ಅನುಗ್ರಹವೆಂದು ಕರೆದರೆ, ಆ ರೈತನ ಮೇಲೆ ದೇವರು ಮುನಿದಿದ್ದನೆಂದೂ ಒಪ್ಪಬೇಕಾಗುತ್ತದೆ. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು ಬೆಲೆ ಜಿಗಿದಾಗಲೂ ನಮ್ಮೂರಲ್ಲಿ ಇದೇ ಮಾತು ಕೇಳಿದ್ದೆ. ಏಳೆಂಟು ವರ್ಷ ಕಳೆಯುವುದರೊಳಗೆ ವಿಯೆಟ್ನಾಂನ ಕಾಫಿ ಮಾರುಕಟ್ಟೆಯಲ್ಲಿ ತುಂಬಿ ದರ ನೆಲಕಚ್ಚಿತು. ಗೊಬ್ಬರದಂಗಡಿಯ ಬಾಕಿ ತೀರಿಸಲಾಗದೆ ನಮ್ಮ ತಂದೆಯವರು ತೋಟದ ಒಂದು ಭಾಗವನ್ನು ಮಾರಿದ್ದು ಆ ದಿನಗಳಲ್ಲೇ. ಅವರು ಒಂದು ದಿನವೂ ಪೂಜೆ ತಪ್ಪಿಸಿದವರಲ್ಲ, ಆಳಿನ ಕೂಲಿ ಉಳಿಸಿಕೊಂಡವರಲ್ಲ.

ಈ ನಂಬಿಕೆ ಉಳ್ಳವರ ಮನೆಯೊಳಗೇ ಉಳಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಅದು ಸೋತವರ ಮನೆಗೂ ಹೋಗುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜಾರಿದಾಗ ನಮ್ಮ ಬಂಧುಗಳೊಬ್ಬರ ಮನೆಯೂ ಎರಡು ಎಕರೆ ತೋಟವೂ ಮಣ್ಣಿನಡಿ ಸೇರಿದವು. ಪರಿಹಾರ ಕೇಂದ್ರದಲ್ಲಿ ಅವರನ್ನು ಸಂತೈಸಲು ಬಂದ ಹಿರಿಯರೊಬ್ಬರು, ‘ಯಾವ ಹರಕೆ ತಪ್ಪಿತ್ತೋ ನೆನಪು ಮಾಡಿಕೊಳ್ಳಿ’ ಎಂದರು. ಅದಾದ ಮೇಲೆ ಆ ಮನೆಯ ಅತ್ತಿಗೆ, ಮನೆ ಹೋದದ್ದಕ್ಕಿಂತ ಹೆಚ್ಚಾಗಿ, ತಾನು ಮಾಡಿದ ತಪ್ಪೇನು ಎಂದು ಹುಡುಕುತ್ತಲೇ ತಿಂಗಳುಗಟ್ಟಲೆ ಕೊರಗಿದರು. ಅದಕ್ಕಿಂತ ಕ್ರೂರವಾದ ಸಾಂತ್ವನವನ್ನು ನಾನು ಕಂಡಿಲ್ಲ.

ನಮ್ಮ ಪರಂಪರೆಯೂ ಈ ಲೆಕ್ಕವನ್ನು ಒಪ್ಪುವುದಿಲ್ಲ. ಕೌರವರು ಹಸ್ತಿನಾವತಿಯಲ್ಲಿ ಮೆರೆಯುತ್ತಿದ್ದ ಹನ್ನೆರಡು ವರ್ಷ ಪಾಂಡವರು ಕಾಡಿನಲ್ಲಿದ್ದರು. ಕೃಷ್ಣನ ಒಲವು ಯಾರ ಕಡೆಗಿತ್ತೆಂದು ಮಕ್ಕಳೂ ಹೇಳುತ್ತಾರೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಶಿವನ ಕೊಡುಗೆಯೆಂದು ಮಡಕೆಗೆ ಸುರಿದುಕೊಳ್ಳಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಕೈಗೆ ಹೆಚ್ಚು ಬಂದದ್ದು ಆಕೆಗೆ ಹೆಮ್ಮೆ ತರಲಿಲ್ಲ, ಅಳುಕು ತಂದಿತು. ಈ ಅಳುಕು ನಮ್ಮಲ್ಲಿ ಇಲ್ಲವಾಗುತ್ತಿದೆ ಎಂಬುದೇ ನನ್ನ ನೋವು.

ಈ ವರ್ಷದ ಉತ್ಸವದಲ್ಲಿ ಹೆಚ್ಚು ದೇಣಿಗೆ ಕೊಟ್ಟವರಿಗೆ ಮೊದಲ ಪಂಕ್ತಿ, ಗರ್ಭಗುಡಿಯ ಎದುರೇ ಕುರ್ಚಿ. ಮೂವತ್ತು ವರ್ಷ ನಮ್ಮ ಕಣದಲ್ಲಿ ಕಾಫಿ ಹರಡಿ ಒಣಗಿಸಿದ ಹೆಂಗಸು ತೋಟದ ಆಳುಗಳಿರುವ ಲೈನ್ ಮನೆಯ ಉಳಿದವರೊಂದಿಗೆ ಕೊನೆಯ ಪಂಕ್ತಿಗೆ ಕಾದು, ಪಾಯಸ ಮುಗಿದ ಮೇಲೆ ಉಂಡು ಹೋದಳು. ಸಮಿತಿಯವರನ್ನು ಕೇಳಿದರೆ, ‘ದೇವರು ಕೊಟ್ಟವರನ್ನು ನಾವು ಗೌರವಿಸಬೇಡವೇ?’ ಎಂದು ನನ್ನನ್ನೇ ಕೇಳಿದರು. ಮುಂದಿನ ಉತ್ಸವಕ್ಕೆ ಮುಂಚೆ ನಮ್ಮ ಭಾಗದ ದೇವಸ್ಥಾನ ಸಮಿತಿಗಳು ಈ ಪಂಕ್ತಿಯ ಕ್ರಮವನ್ನು ಕೈಬಿಟ್ಟು, ಬಂದವರು ಬಂದ ಹಾಗೆ ಕೂತು ಉಣ್ಣುವ ಏರ್ಪಾಡು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ