‘ಕರಗೋದಿಲ್ಲ’ ಅಂದರೆ ಸಾಲದು, ಎಷ್ಟು ಕರಗುತ್ತದೆ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮೂರ ಸೊಸೈಟಿ ಹಾಲ್‌ನಲ್ಲಿ ಅಡಿಕೆ ಬೆಳೆಗಾರರ ಸಭೆ ಇತ್ತು. ಬೇರುಹುಳಕ್ಕೆ ಹಾಕುವ ಕ್ಲೋರ್‌ಪೈರಿಫಾಸ್ ಬಗ್ಗೆ ಹೇಳಲು ಒಬ್ಬರು ಬಂದಿದ್ದರು. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಕೈಗವಸು ಯಾಕೆ ಬೇಕು, ಎಲ್ಲ ಚೆನ್ನಾಗಿಯೇ ಹೇಳಿದರು. ಕೊನೆಯಲ್ಲಿ ನನ್ನ ಓರಗಿತ್ತಿ ಎದ್ದು ಕೇಳಿದಳು: ‘ನಮ್ಮ ತೋಟದ ಬಸಿಗಾಲುವೆ ಸೀದಾ ಹಳ್ಳಕ್ಕೆ ಹೋಗ್ತದೆ. ಹಳ್ಳದ ಕೆಳಗೆ ನಾಲ್ಕು ಮನೆ ಇದೆ. ಈ ಔಷಧಿ ನೀರಿಗೆ ಸೇರಲ್ವಾ?’ ಅವರು ಹೇಳಿದರು: ‘ಇಲ್ಲ ಅಕ್ಕಾ, ಇದು ನೀರಲ್ಲಿ ಕರಗೋದೇ ಇಲ್ಲ. ಹೆದರಬೇಡಿ.’ ಅಲ್ಲಿಗೆ ಸಭೆ ಮುಗಿಯಿತು. ಎಲ್ಲರೂ ಕಾಫಿಗೆ ಎದ್ದರು.

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಊರಿಗೆ ವಾಪಸ್ ಬರುವ ಮೊದಲು 22 ವರ್ಷ ಬೆಂಗಳೂರಿನ ಒಂದು ರಾಸಾಯನಿಕ ಪರೀಕ್ಷಾ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು ನಾನು. ಅದರಲ್ಲಿ ಬಹಳ ವರ್ಷ ನಾನು ಮಾಡಿದ್ದು ಇದೇ ಕೆಲಸ. ‘ನೀರಿನಲ್ಲಿ ಕರಗೋದಿಲ್ಲ’ ಎನ್ನುವ ಪದಾರ್ಥ ನಿಜವಾಗಿ ಎಷ್ಟು ಕರಗುತ್ತದೆ ಎಂದು ಅಳೆಯುವುದು. ಅವತ್ತೇ ಎದ್ದು ಮಾತಾಡಬೇಕಿತ್ತು. ಮಾತಾಡಲಿಲ್ಲ. ಅದಕ್ಕೇ ಈ ಪತ್ರ.

ನೀರಿನಲ್ಲಿ ಸ್ವಲ್ಪವೂ ಕರಗದ ಪದಾರ್ಥವನ್ನು ಅಷ್ಟು ವರ್ಷದಲ್ಲಿ ನಾನು ಒಂದನ್ನೂ ನೋಡಲಿಲ್ಲ. ಉಪ್ಪು ಲೀಟರಿಗೆ 350 ಗ್ರಾಂಗಿಂತ ಜಾಸ್ತಿ ಕರಗುತ್ತದೆ. ಕ್ಲೋರ್‌ಪೈರಿಫಾಸ್ ಲೀಟರಿಗೆ ಸುಮಾರು 1 ಮಿಲಿಗ್ರಾಂ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಅಂದರೆ ಅಕ್ಕಿಕಾಳಿನಷ್ಟು ಔಷಧಿ ಪೂರ್ತಿ ಕರಗಲು ಒಂದು ದೊಡ್ಡ ಕ್ಯಾನ್, 20 ಲೀಟರ್, ನೀರು ಬೇಕು. ಕಡಿಮೆಯೇ, ನಿಜ. ಆದರೆ ಕಡಿಮೆ ಬೇರೆ, ಇಲ್ಲವೇ ಇಲ್ಲ ಎನ್ನುವುದು ಬೇರೆ.

ಈ ವ್ಯತ್ಯಾಸ ನಮ್ಮ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಮಾಡುವಾಗ ನನ್ನ ಅಪ್ಪ ಒಂದು ಡ್ರಮ್ಮಿನಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ ಸುಣ್ಣ ಕರಡುತ್ತಿದ್ದರು. 100 ಲೀಟರಿಗೆ ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ. ಎರಡನ್ನೂ ಬೆರೆಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಕತ್ತಿಯ ಮೇಲೆ ಕೆಂಪು ಕಲೆ ಕೂತರೆ ‘ಇನ್ನೂ ಸುಣ್ಣ ಬೇಕು’ ಅನ್ನುತ್ತಿದ್ದರು. ಕಲೆ ಕೂರದಿದ್ದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಕೂಗು ಹಾಕುತ್ತಿದ್ದರು. ಆ ಕೆಂಪು ಕಲೆ ತಾಮ್ರ. ನೀರಿನಲ್ಲಿ ಕರಗಿಕೊಂಡು ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅವರು ಮಾಡುತ್ತಿದ್ದದ್ದು ಕರಗಿದ್ದೆಷ್ಟು, ಕರಗದ್ದೆಷ್ಟು ಎಂಬ ಪರೀಕ್ಷೆಯನ್ನೇ. ಲ್ಯಾಬಿಗೆ ಸೇರಿದ ಮೊದಲ ವಾರ ನನಗೆ ಇದು ಹೊಳೆದಾಗ ಆದ ಸಂತೋಷ ಇನ್ನೂ ನೆನಪಿದೆ.

ಮೈಲುತುತ್ತ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗೇ ಹೊಡೆದರೆ ಎಳೆ ಅಡಿಕೆ ಸುಟ್ಟುಹೋಗುತ್ತದೆ, ಒಂದು ಮಳೆಗೆ ತೊಳೆದೂ ಹೋಗುತ್ತದೆ. ಸುಣ್ಣ ಸೇರಿದ ಮೇಲೆ ಅದು ಬಹಳ ಕಡಿಮೆ ಕರಗುವ ನೀಲಿ ಪದಾರ್ಥವಾಗಿ ಗೊನೆಗೆ ಅಂಟುತ್ತದೆ. ಜಡಿಮಳೆಯಲ್ಲಿ ಚೂರುಚೂರೇ ಕರಗುತ್ತಾ ಇರುತ್ತದೆ. ಆ ಚೂರು ತಾಮ್ರವೇ ಕೊಳೆಯ ಬೀಜಾಣುಗಳನ್ನು ಕೊಲ್ಲುವುದು. ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910 ರಲ್ಲಿಯೇ ಬರೆದಿದ್ದರು. ಅದಕ್ಕೂ ಮೊದಲು ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆ (ಮಳೆ ತಾಗದಂಥ ಹೊದಿಕೆ) ಕಟ್ಟಿಯೇ ಕಾಪಾಡಿಕೊಳ್ಳುತ್ತಿದ್ದರು. ಬೋರ್ಡೋ ಸ್ವಲ್ಪವೂ ಕರಗದೇ ಇದ್ದಿದ್ದರೆ ಅದರಿಂದ ನಮಗೆ ಏನೂ ಉಪಯೋಗ ಇರುತ್ತಿರಲಿಲ್ಲ. ಕಡಿಮೆ ಕರಗುವುದೂ ಕೆಲಸ ಮಾಡುತ್ತದೆ ಎಂದು ನಮ್ಮ ತೋಟಗಳು ಪ್ರತಿ ಮಳೆಗಾಲ ತೋರಿಸುತ್ತವೆ. ಹಾಗಿರುವಾಗ ಹಳ್ಳದ ಮಾತು ಬಂದ ತಕ್ಷಣ ‘ಕರಗಲ್ಲ, ಬಿಡಿ’ ಅಂದರೆ ಹೇಗೆ?

ಇನ್ನೊಂದು ಗೊಂದಲ. ಕ್ಲೋರ್‌ಪೈರಿಫಾಸ್ 20 ಇ.ಸಿ.ಯನ್ನು (ಡಬ್ಬಿಯಲ್ಲಿ ಸಿಗುವ ದ್ರವ ಔಷಧಿ) ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ನೋಡಿ ‘ಕರಗಿತಲ್ಲ’ ಅನ್ನುವವರೂ ಇದ್ದಾರೆ. ಅದು ಕರಗಿದ್ದಲ್ಲ. ಹಾಲಿನಲ್ಲಿ ಬೆಣ್ಣೆ ಕರಗಿರುತ್ತದಾ? ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ, ಕಡೆದರೆ ಮೇಲೆ ಬರುತ್ತದೆ. ಇದೂ ಹಾಗೆ. ಔಷಧಿಯನ್ನು ಒಂದು ಎಣ್ಣೆಯಂಥ ದ್ರವದಲ್ಲಿ ಕರಗಿಸಿ, ನೀರಿನ ಜೊತೆ ಹೊಂದಿಕೊಳ್ಳಲು ಸೋಪಿನಂಥ ಪದಾರ್ಥ ಸೇರಿಸಿರುತ್ತಾರೆ. ಹಾಗಾಗಿ ಅದು ಕರಗದೆಯೂ ನೀರಿನ ಜೊತೆ ಹರಿಯಬಲ್ಲದು. ಹಾಕಿದ ಸಂಜೆಯೇ ಮಳೆ ಹೊಡೆದರೆ ಬಸಿಗಾಲುವೆಯಲ್ಲಿ ಹೋಗುವುದು ಕರಗಿದ ಭಾಗ ಮಾತ್ರ ಅಲ್ಲ.

ಅಷ್ಟು ಕಡಿಮೆ ಕರಗುವುದನ್ನು ಅಳೆಯುವುದು ಹೇಗೆ ಎಂದು ಓದುಗರಿಗೆ ಅನ್ನಿಸಬಹುದು. ಇದರ ಬಗ್ಗೆ ನನಗೆ ಎಷ್ಟು ಹೇಳಿದರೂ ಸಾಲದು.

ಪ್ರಪಂಚದ ಬಹಳ ಲ್ಯಾಬ್‌ಗಳು ಅನುಸರಿಸುವುದು ಒಇಸಿಡಿ ಎಂಬ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯ 105 ನೇ ಮಾರ್ಗಸೂಚಿಯನ್ನು. ಅದನ್ನು 1995 ರಲ್ಲಿ ಪರಿಷ್ಕರಿಸಿದ್ದಾರೆ. ಲೀಟರಿಗೆ 10 ಮಿಲಿಗ್ರಾಂಗಿಂತ ಜಾಸ್ತಿ ಕರಗುವುದಾದರೆ ಫ್ಲಾಸ್ಕ್ ವಿಧಾನ. ಕರಗಬಹುದಾದ ಪ್ರಮಾಣದ ಸುಮಾರು ಐದು ಪಟ್ಟು ಪದಾರ್ಥವನ್ನು ಮೂರು ಪಾತ್ರೆಗಳ ನೀರಿಗೆ ಹಾಕಿ, 30 ಡಿಗ್ರಿ ಬಿಸಿಯಲ್ಲಿ ಕುಲುಕುತ್ತಾ ಇಡುವುದು. ಒಂದನ್ನು ಒಂದು ದಿನದ ನಂತರ, ಇನ್ನೊಂದನ್ನು ಎರಡು ದಿನ, ಮತ್ತೊಂದನ್ನು ಮೂರು ದಿನದ ನಂತರ ತೆಗೆಯುವುದು. ತೆಗೆದದ್ದನ್ನು 20 ಡಿಗ್ರಿಯಲ್ಲಿ ಇನ್ನೊಂದು ದಿನ ಇಟ್ಟು, ಕರಗದ್ದನ್ನು ಬೇರೆ ಮಾಡಿ, ನೀರಿನಲ್ಲಿ ಎಷ್ಟಿದೆ ಎಂದು ನೋಡುವುದು. ಕೊನೆಯ ಎರಡು ಪಾತ್ರೆಗಳ ಲೆಕ್ಕ ಶೇ 15 ರೊಳಗೆ ಹೊಂದಿದರೆ ಒಪ್ಪಬಹುದು. ಇಲ್ಲದಿದ್ದರೆ ಇನ್ನೂ ಹೆಚ್ಚು ದಿನ ಇಟ್ಟು ಮತ್ತೆ ಮೊದಲಿಂದ.

10 ಮಿಲಿಗ್ರಾಂಗಿಂತ ಕಡಿಮೆ ಕರಗುವ ಪದಾರ್ಥಕ್ಕೆ ಈ ವಿಧಾನ ನಡೆಯುವುದಿಲ್ಲ. ಯಾಕೆ ಎಂದು ನಾನು ಕೈಯಾರೆ ಕಲಿತೆ. ಒಂದು ಪದಾರ್ಥಕ್ಕೆ ಮೊದಲ ದಿನ ಒಂದು ಅಂಕಿ ಬಂತು. ಎರಡನೇ ದಿನ ಅದರ ಎರಡರಷ್ಟು ಬಂತು. ನೀರು ನೋಡಿದರೆ ಸ್ಫಟಿಕದ ಹಾಗೆ ತಿಳಿ. ನಮ್ಮ ಹಿರಿಯ ಮೇಡಂ ಏನೂ ಹೇಳದೆ ಕೋಣೆಯ ದೀಪ ಆರಿಸಿದರು. ಟಾರ್ಚ್ ತೆಗೆದು ಪಕ್ಕದಿಂದ ಬೆಳಕು ಬಿಟ್ಟರು. ಹೆಂಚಿನ ಸಂದಿಯಿಂದ ಬಿಸಿಲು ಕೋಲು ಒಳಗೆ ಬಿದ್ದಾಗ ಧೂಳು ಕಾಣುತ್ತದಲ್ಲ, ಹಾಗೆ ನೀರೊಳಗೆ ಬೆಳಕಿನ ದಾರಿ ಕಂಡಿತು. ಕರಗದ ಸಣ್ಣ ಕಣಗಳು ತೇಲುತ್ತಿದ್ದವು. ನಾನು ಅವನ್ನೂ ಕರಗಿದ ಲೆಕ್ಕಕ್ಕೆ ಸೇರಿಸಿದ್ದೆ. ಸೋಸಿದರೆ ಆಯಿತಲ್ಲ ಅಂದುಕೊಂಡು ಸೋಸಿದೆ. ಈಗ ಅಂಕಿ ತೀರಾ ಕೆಳಗೆ ಬಂತು. ಫಿಲ್ಟರ್ ಕಾಗದ ಕರಗಿದ್ದನ್ನೂ ಹೀರಿಕೊಂಡಿತ್ತು. ಇಂಥ ಪದಾರ್ಥಗಳು ಗಾಜಿನ ಗೋಡೆಗೂ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಇರಲು ಅವಕ್ಕೆ ಇಷ್ಟವಿಲ್ಲ, ಸಿಕ್ಕಿದ ಕಡೆ ಹೋಗಿ ಕೂರುತ್ತವೆ.

ಅದಕ್ಕೇ ಕಾಲಂ ವಿಧಾನ. ಸಣ್ಣ ಗಾಜಿನ ಮಣಿಗಳ ಮೇಲೋ ಮರಳಿನ ಮೇಲೋ ಪದಾರ್ಥವನ್ನು ತೆಳ್ಳಗೆ ಸವರಬೇಕು. ಮೊದಲು ಬೇಗ ಆರುವ ದ್ರವದಲ್ಲಿ ಅದನ್ನು ಕರಗಿಸಿ, ಮಣಿಗಳಿಗೆ ಬೆರೆಸಿ, ದ್ರವವನ್ನು ಆರಿಸಿಬಿಟ್ಟರೆ ಪದಾರ್ಥ ಮಾತ್ರ ಮಣಿಗೆ ಅಂಟಿ ಉಳಿಯುತ್ತದೆ. ಆ ಮಣಿಗಳನ್ನು ಕೊಳವೆಯಲ್ಲಿ ತುಂಬಿ, ಅದರ ಮೂಲಕ ನೀರನ್ನು ಬಹಳ ನಿಧಾನ ಬಿಡಬೇಕು. ಕುಲುಕುವುದಿಲ್ಲ, ಕಲಕುವುದಿಲ್ಲ. ಹಾಗಾಗಿ ಕಣಗಳು ಏಳುವುದಿಲ್ಲ. ಮೊದಮೊದಲು ಬರುವ ನೀರನ್ನು ಚೆಲ್ಲುತ್ತೇವೆ. ಬೇಗ ಕರಗುವ ಕಲ್ಮಶ ಅದರಲ್ಲಿ ಹೋಗಿಬಿಡುತ್ತದೆ. ಆಮೇಲೆ ಬರುವುದನ್ನು ಒಂದೊಂದಾಗಿ ಹಿಡಿದು ಅಳೆಯುವುದು. ಸಾಲಾಗಿ ಐದು ಮಾದರಿಗಳಲ್ಲಿ ಅಂಕಿ ಏರದೆ ಇಳಿಯದೆ ನಿಲ್ಲಬೇಕು. ನಿಂತ ಮೇಲೂ ನಂಬುವಂತಿಲ್ಲ. ನೀರಿನ ವೇಗವನ್ನು ಅರ್ಧ ಮಾಡಿ ಮತ್ತೆ ನೋಡಬೇಕು. ಆಗಲೂ ಅದೇ ಅಂಕಿ ಬಂದರೆ ಸರಿ. ನಿಧಾನ ಬಿಟ್ಟಾಗ ಜಾಸ್ತಿ ಬಂದರೆ, ಮೊದಲ ಸಲ ನೀರಿಗೆ ಕರಗಿಸಿಕೊಳ್ಳಲು ಸಮಯವೇ ಸಿಕ್ಕಿರಲಿಲ್ಲ ಅಂತ ಅರ್ಥ.

ರಾತ್ರಿ ಪಾಳಿಯಲ್ಲಿ ಆ ಹನಿಗಳನ್ನು ಕಾಯುತ್ತಾ ಕೂತಾಗ ನನಗೆ ಮನೆಯ ಅಬ್ಬಿ ನೀರು ನೆನಪಾಗುತ್ತಿತ್ತು. ಗುಡ್ಡದ ಕಲ್ಲು, ಮಣ್ಣು, ಬೇರು ಎಲ್ಲವನ್ನೂ ಸವರಿಕೊಂಡು ನಿಧಾನ ಇಳಿದು, ಅಡಿಕೆ ದಬ್ಬೆಯಲ್ಲಿ ನಮ್ಮ ಬಚ್ಚಲಿಗೆ ಬರುತ್ತಿತ್ತು. ದಾರಿಯಲ್ಲಿ ಏನೇನು ಮುಟ್ಟಿತೋ ಅದನ್ನೆಲ್ಲ ಸ್ವಲ್ಪ ಸ್ವಲ್ಪ ಕರಗಿಸಿಕೊಂಡೇ ಬಂದಿರುತ್ತದೆ ಅಲ್ವಾ. ಔಷಧಿ ಹಾಕಿದ ತೋಟದ ಮಣ್ಣೂ ಒಂದು ಕಾಲಂ ಇದ್ದ ಹಾಗೆಯೇ.

ಈಗ ಮತ್ತೆ ಆ 1 ಮಿಲಿಗ್ರಾಂ ಲೆಕ್ಕಕ್ಕೆ ಬರುತ್ತೇನೆ. 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಕ್ಲೋರ್‌ಪೈರಿಫಾಸ್ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಕೆಲವು ಸಿಹಿನೀರಿನ ಮೀನು ನಾಲ್ಕು ದಿನದಲ್ಲಿ ಸಾಯುತ್ತವೆ. ಮೀನಿಗೆ ಆಹಾರವಾಗುವ ಸಣ್ಣ ನೀರುಜೀವಿಗಳಿಗೆ 1 ಮೈಕ್ರೋಗ್ರಾಂ ಕೂಡ ಜಾಸ್ತಿ. ಅಂದರೆ ‘ಕರಗೋದೇ ಇಲ್ಲ’ ಎನ್ನುವ ಆ ಔಷಧಿ, ಮೀನು ಸಾಯಲು ಬೇಕಾದದ್ದಕ್ಕಿಂತ ನೂರಾರು ಪಟ್ಟು ಕರಗಬಲ್ಲದು. ಹಳ್ಳದಲ್ಲಿ ಅಷ್ಟು ಇದೆ ಎಂದು ನಾನು ಹೇಳುತ್ತಿಲ್ಲ. ಅಳೆಯದೆ ಯಾರೂ ಹೇಳಬಾರದು. ಆದರೆ ‘ಕರಗಲ್ಲ’ ಎಂಬ ಮಾತು ಮೀನಿಗಾಗಲೀ ಏಡಿಗಾಗಲೀ ರಕ್ಷಣೆ ಕೊಡುವುದಿಲ್ಲ.

ಆ ಸಭೆಯಲ್ಲಿ ಮಾತಾಡಿದವರದು ಪೂರ್ತಿ ತಪ್ಪು ಎಂದೂ ಹೇಳಲಾರೆ. ಕಡಿಮೆ ಕರಗುವ ಈ ಔಷಧಿ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅದು ನಿಜ. ಬಯಲುಸೀಮೆಯ ಸಮತಟ್ಟು ಹೊಲದಲ್ಲಿ ಅದರಿಂದ ಸ್ವಲ್ಪ ಸಮಾಧಾನ ಪಡಬಹುದೇನೋ. ನಮ್ಮಲ್ಲಿ ಮಣ್ಣೇ ನಿಲ್ಲುವುದಿಲ್ಲವಲ್ಲ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಜೂನ್ ಕೊನೆಗೆ ಮಾಲತಿ ಹೊಳೆಯ ಬಣ್ಣ ನೋಡಿದವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಆ ನೀರೆಲ್ಲ ತುಂಗೆಗೆ, ತುಂಗೆಯಿಂದ ಗಾಜನೂರು ಅಣೆಕಟ್ಟೆಗೆ ಹೋಗುತ್ತದೆ. ಶಿವಮೊಗ್ಗ ಪೇಟೆ ಕುಡಿಯುವುದೂ ತುಂಗೆಯನ್ನೇ. ಎಂಡೋಸಲ್ಫಾನ್ ಕೂಡ ಹೀಗೇ ‘ಕರಗದ’ ಔಷಧಿಯಾಗಿತ್ತು, ಲೀಟರಿಗೆ ಒಂದು ಮಿಲಿಗ್ರಾಂನ ಮೂರನೇ ಒಂದು ಭಾಗ. 2011 ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಕ್ಲೋರ್‌ಪೈರಿಫಾಸನ್ನು 2025 ರಲ್ಲಿ ಕೆಲವು ವಿನಾಯಿತಿಗಳ ಜೊತೆ, ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದ್ದಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು ಔಷಧಿ ನೀರಿನಲ್ಲಿ ಎಷ್ಟು ಕರಗುತ್ತದೆ ಎನ್ನುವ ಅಂಕಿ ಹೊಸದಾಗಿ ಹುಡುಕಬೇಕಾದದ್ದಲ್ಲ. ನನ್ನಂಥವರು ರಾತ್ರಿ ಕೂತು ಅಳೆದಿದ್ದೇವೆ, ವರದಿ ಬರೆದಿದ್ದೇವೆ. ಅದು ತೋಟದ ತನಕ ಬರುವುದಿಲ್ಲ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಎಲ್ಲರಿಗೂ ಗೊತ್ತು. ಆದರೆ ಅದು ನುಂಗಿದರೆ, ಮೈಗೆ ತಾಗಿದರೆ ಎಷ್ಟು ವಿಷ ಎಂದು ಹೇಳುತ್ತದೆ, ಹಳ್ಳದ ಬಗ್ಗೆ ಏನೂ ಹೇಳುವುದಿಲ್ಲ. ಪಕ್ಕದಲ್ಲೇ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ‘20 ಡಿಗ್ರಿಯಲ್ಲಿ ಲೀಟರಿಗೆ ಇಷ್ಟು ಕರಗುತ್ತದೆ, ಇಷ್ಟಕ್ಕೆ ಮೀನು ಸಾಯುತ್ತದೆ’ ಎಂದು ಎರಡು ಸಾಲು ಹಾಕಲಿ. ಕೃಷಿ ಇಲಾಖೆಯವರು, ತೋಟಗಾರಿಕೆ ಇಲಾಖೆಯವರು ಸಭೆಗಳಲ್ಲಿ ಅದನ್ನು ಓದಿ ಹೇಳಲಿ. ನಿಮ್ಮ ಕೃಷಿ ಪುಟದಲ್ಲಿಯೂ ‘ನೀರಿನಲ್ಲಿ ಕರಗದು’ ಎಂದು ಬರೆಯುವ ಬದಲು ಅಂಕಿಯನ್ನೇ ಬರೆಯಿರಿ ಎಂದು ವಿನಂತಿ. ನಮ್ಮ ಜನ ಕ್ವಿಂಟಾಲ್ ರೇಟು ದಿನಾ ನೋಡುವವರು. ಅಂಕಿ ಅವರಿಗೆ ಕಷ್ಟವಲ್ಲ.

ಓರಗಿತ್ತಿಗೆ ಮೊನ್ನೆ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಹೇಳಿದೆ, ಅಕ್ಕಿಕಾಳು, ನೀರಿನ ಕ್ಯಾನ್ ಇಟ್ಟುಕೊಂಡೇ. ಈ ಸಲ ಹಳ್ಳದ ಅಂಚಿನ ಎರಡು ಸಾಲು ಮರಗಳಿಗೆ ಔಷಧಿ ಹಾಕುವುದಿಲ್ಲವಂತೆ. ಬುಡ ಬಿಡಿಸಿ ಹುಳವನ್ನು ಕೈಯಲ್ಲೇ ಹೆಕ್ಕುತ್ತಾಳಂತೆ. ಜೊತೆಗೆ ನಾನೂ ಹೋಗುತ್ತೇನೆ.

ಇಂತಿ,
ನಿವೃತ್ತ ಲ್ಯಾಬ್ ನೌಕರಳು, ಈಗ ಅಡಿಕೆ ಬೆಳೆಗಾರ್ತಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ