ಅಪ್ಪನ ಪದಕಗಳನ್ನು ಜೋಡಿಸಿಕೊಟ್ಟವರಿಗೆ

ಅಪ್ಪನ ನೆನಪಿನ ಸಭೆ ಶುರುವಾಗಲು ಸ್ವಲ್ಪವೇ ಹೊತ್ತಿತ್ತು. ಅವರ ಸೇನಾ ಪದಕಗಳನ್ನು ಫೋಟೋ ಪಕ್ಕ ಇಡಬೇಕಿತ್ತು. ಡಬ್ಬಿ ತೆರೆದರೆ ರಿಬ್ಬನ್‌ಗಳೆಲ್ಲ ಬಿಚ್ಚಿಹೋಗಿದ್ದವು. ಯಾವುದು ಮೊದಲು ಅಂತ ಮನೆಯಲ್ಲಿ ಯಾರಿಗೂ ತಿಳಿಯದು. ಅಪ್ಪ ಯುದ್ಧದ ಮಾತು ಜಾಸ್ತಿ ಆಡಿದವರಲ್ಲ. ನಮಗೆ ಗೊತ್ತಿದ್ದದ್ದು, ನಮ್ಮ ಶಾಲೆಯ ಶೂಗಳಿಗೆ ತಾವೇ ಪಾಲಿಶ್ ಹಾಕಿ ಸಾಲಾಗಿ ಇಡುತ್ತಿದ್ದ, ಅಮ್ಮನಿಗೆ ಹುಷಾರಿಲ್ಲದಾಗ ರಾತ್ರಿಯೆಲ್ಲ ಎದ್ದಿರುತ್ತಿದ್ದ ಅಪ್ಪ.

ನನಗೆ ಕೈಕಾಲೇ ಆಡಲಿಲ್ಲ. ಆಗ ನೀವು ಬಂದಿರಿ. "ನಾನೂ ಸೇನೆಯಲ್ಲಿದ್ದೆ, ಕೊಡಿ ಇಲ್ಲಿ" ಅಂದಿರಿ, ಅಷ್ಟೇ. ಶೌರ್ಯದ ಪದಕ ಮೊದಲು, ಯುದ್ಧದ್ದು ಆಮೇಲೆ, ದೀರ್ಘ ಸೇವೆಯದ್ದು ಕೊನೆಗೆ. ನನ್ನ ತಮ್ಮ ಪಾಲಿಶ್ ತಂದಾಗ ತಡೆದಿರಿ. ಉಜ್ಜಿದರೆ ಅಂಚಿನಲ್ಲಿ ಕೆತ್ತಿದ ಹೆಸರು, ನಂಬರ್ ಸವೆಯುತ್ತದೆ ಅಂತ ಹೇಳಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದಿರಿ. ಆಮೇಲೆ ನನ್ನ ಮಗಳನ್ನು ಕರೆದು, ತಾತನ ಹೆಸರನ್ನು ಅವಳಿಂದಲೇ ಓದಿಸಿದಿರಿ. ನನಗೆ ಎದೆಯ ಭಾರ ಇಳಿದದ್ದೇ ಆಗ.

ಸಭೆ ಮುಗಿದ ಮೇಲೆ ಹುಡುಕಿದೆ. ನೀವು ಹೊರಟುಹೋಗಿದ್ದಿರಿ. ತುಂಬಾ ಥ್ಯಾಂಕ್ಸ್ ಸಾರ್. ಇದನ್ನು ಓದಿದರೆ ದಯವಿಟ್ಟು ಒಮ್ಮೆ ಮನೆಗೆ ಬನ್ನಿ. ಆ ಪದಕಗಳ ಬಗ್ಗೆ ಅಮ್ಮ ನಿಮ್ಮನ್ನು ಕೇಳಬೇಕಂತೆ.