ಅತ್ತಿ ಕಡಿದ ಜಾಗಕ್ಕೆ ಅತ್ತಿಯನ್ನೇ ನೆಡಿ: ವೃಕ್ಷಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ವೃಕ್ಷಾಧಿಕಾರಿಗಳಿಗೆ ನಮಸ್ಕಾರಗಳು.

ತಮಗೆ ಇದು ನನ್ನ ಆರನೆಯ ಪತ್ರ. ಮೊದಲ ಐದಕ್ಕೂ ತಮ್ಮ ಕಚೇರಿ ಒತ್ತಿಕೊಟ್ಟ ಸ್ವೀಕೃತಿ ಮೊಹರು ನನ್ನ ಬಳಿ ಇದೆ. ಉತ್ತರ ಬಂದದ್ದು ಒಂದಕ್ಕೆ, ಅದೂ ಎರಡೇ ಸಾಲು: ‘ಸದರಿ ಕಾಡುಜಾತಿಯ ಮರವನ್ನು ನಿಯಮಾನುಸಾರ ತೆರವುಗೊಳಿಸಲಾಗಿದೆ. ಪರ್ಯಾಯವಾಗಿ ಹತ್ತು ಸಸಿಗಳನ್ನು ನೆಡಲಾಗಿದೆ.’ ಲಕೋಟೆಯೊಳಗಿನ ಕಾಗದವನ್ನು ತಾವು ಓದುವುದಿಲ್ಲವೆಂದು ಖಚಿತವಾದ ಮೇಲೆ, ಉಳಿದವರಾದರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ನಿಯಮಗಳು ತಮಗೆ ಗೊತ್ತೇ ಇವೆ. ಅರ್ಜಿ, ಸ್ಥಳ ಪರಿಶೀಲನೆ, ಆಮೇಲೆ ಆದೇಶ, ಕೊನೆಗೆ ಗರಗಸ. ಈ ಕ್ರಮವನ್ನು ತಮಗೆ ಹೇಳಿಕೊಡಲು ನಾನ್ಯಾರು? ನಮ್ಮ ರಸ್ತೆಯ ಕೊನೆಯ ಅತ್ತಿಮರದ ವಿಷಯದಲ್ಲಿ ಮಾತ್ರ ಗರಗಸ ಮೊದಲು ಬಂತು, ಕಾಗದ ಹನ್ನೊಂದು ದಿನ ತಡವಾಗಿ ಬಂತು.

ಆ ಬೆಳಗ್ಗೆ ಮರದ ತುಂಬ ಹಣ್ಣಿತ್ತು. ಅತ್ತಿ ಹಣ್ಣು ಬಿಡುವ ರೀತಿಯನ್ನು ತಾವು ನೋಡಿರಬಹುದು: ಬುಡದ ಕಾಂಡದಿಂದ ಹಿಡಿದು ದಪ್ಪ ಕೊಂಬೆಗಳವರೆಗೆ ತೊಗಟೆಗೇ ಅಂಟಿಕೊಂಡು, ಗೊಂಚಲು ಗೊಂಚಲಾಗಿ, ಕೆಂಪಗೆ. ಕುಟ್ರುಹಕ್ಕಿ, ಪಿಕಳಾರ, ಕೋಗಿಲೆ, ಗೊರವಂಕ, ಎತ್ತರದಲ್ಲಿ ಎಲೆಗಳ ನಡುವೆ ಕಾಣಿಸದಂತೆ ಕೂತ ಹಸಿರು ಪಾರಿವಾಳಗಳು. ಏಳೂವರೆಗೆ ಯಂತ್ರ ಶುರುವಾಯಿತು. ನಾನು ಓಡಿದೆ, ಗೇಟಿನ ಬಳಿ ಎಡವಿ ಬಿದ್ದೆ, ಎದ್ದು ಕುಂಟುತ್ತಾ ಹೋಗಿ ಕೈಮುಗಿದು ಕೇಳಿದೆ: ಹಣ್ಣು ಮುಗಿಯುವವರೆಗಾದರೂ ತಡೆಯಿರಿ. ಮೇಲ್ವಿಚಾರಕ ನಕ್ಕು, ‘ಹಕ್ಕಿಗಳಿಗೆ ಬೇರೆ ಮರ ಇಲ್ಲವೇ?’ ಎಂದ. ಮಧ್ಯಾಹ್ನಕ್ಕೆ ರಸ್ತೆಯ ಮೇಲೆ ಕೆಂಪು ರಾಡಿ ಬಿದ್ದಿತ್ತು. ಪಾರಿವಾಳಗಳು ಮೂರು ದಿನ ಬಂದು, ಮರವಿದ್ದ ಕಡೆ ಸುತ್ತು ಹೊಡೆದು, ವಿದ್ಯುತ್ ತಂತಿಯ ಮೇಲೆ ಕೂತು ಹೋದವು. ನಾಲ್ಕನೆಯ ದಿನ ಬರಲಿಲ್ಲ.

ಕಡತದಲ್ಲಿ ಬರೆದ ಕಾರಣವನ್ನೂ ಓದಿದ್ದೇನೆ: ಹಣ್ಣು ಉದುರಿ, ಹಕ್ಕಿಗಳು ಹಿಕ್ಕೆ ಹಾಕಿ, ಕೆಳಗೆ ನಿಲ್ಲಿಸಿದ ಕಾರುಗಳು ಗಲೀಜಾಗುತ್ತಿವೆ. ಒಂದು ಬಕೆಟ್ ನೀರಿನ ಕೆಲಸಕ್ಕೆ ಒಂದು ಮರ! ಕಾರನ್ನು ನಾಲ್ಕು ಮಾರು ಆಚೆ ನಿಲ್ಲಿಸಬಹುದೆಂಬ ಆಲೋಚನೆ ಸ್ಥಳ ಪರಿಶೀಲನೆಯ ವೇಳೆ ಯಾರಿಗೂ ಹೊಳೆಯಲಿಲ್ಲವೇ, ಅಥವಾ ಪರಿಶೀಲನೆಯೇ ನಡೆಯಲಿಲ್ಲವೇ?

ಬೇರೆ ಮರ ಇಲ್ಲವೇ ಎಂಬ ಪ್ರಶ್ನೆಗೆ ಆ ದಿನ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಈಗ ಹೇಳುತ್ತೇನೆ. ನೇರಳೆ, ಬೇವು ಒಂದು ಕಾಲದಲ್ಲಿ ಒಟ್ಟಿಗೆ ಹಣ್ಣಾಗಿ ಒಟ್ಟಿಗೆ ಮುಗಿಯುತ್ತವೆ. ಅತ್ತಿ, ಆಲ, ಅರಳಿ, ಬಸರಿಗಳ ದಾರಿ ಬೇರೆ. ಅತ್ತಿಹಣ್ಣು ಬಿಡಿಸಿದರೆ ಬರೀ ಹುಳ ಎಂದು ಮೂಗು ಮುರಿಯುತ್ತೇವಲ್ಲ, ಆ ಪುಟ್ಟ ಕಣಜವೇ ಕಾಯಿಯೊಳಗೆ ನುಗ್ಗಿ ಅಲ್ಲಿನ ಹೂಗಳಿಗೆ ಪರಾಗ ಮುಟ್ಟಿಸುವುದು. ಆ ಕಾಯಿಯೊಳಗೇ ಹುಟ್ಟಿ ಹೊರಬಂದ ಹೊಸ ಕಣಜದ ಆಯುಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದಕ್ಕೆ ಅದೇ ಜಾತಿಯ, ಎಳೆಗಾಯಿ ಬಿಟ್ಟ ಇನ್ನೊಂದು ಮರ ಸಿಗಬೇಕು. ಹಾಗಾಗಿಯೇ ಈ ಮರಗಳು ಒಂದಾದ ಮೇಲೊಂದರಂತೆ ಬೇರೆ ಬೇರೆ ಹೊತ್ತಿಗೆ ಹಣ್ಣು ಬಿಡುತ್ತವೆ, ಉಳಿದ ಮರಗಳೆಲ್ಲ ಬರಿದಾದಾಗಲೂ ಎಲ್ಲೋ ಒಂದು ತುಂಬಿ ನಿಂತಿರುತ್ತದೆ. ಜಗತ್ತಿನಲ್ಲಿ 1,200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಮತ್ತು ಸಸ್ತನಿಗಳು ಈ ಕುಲದ ಹಣ್ಣು ತಿನ್ನುತ್ತವೆ. ಒಂದು ಅತ್ತಿ ಬಿದ್ದರೆ ಹಕ್ಕಿಗೂ ಕಣಜಕ್ಕೂ ಮುಂದಿನ ಮರ ಅಷ್ಟು ದೂರವಾಗುತ್ತದೆ.

ಇನ್ನು ಆ ಹತ್ತು ಸಸಿಗಳು. ಹತ್ತೂ ಕೋನೊಕಾರ್ಪಸ್ ಎಂಬ ಪರದೇಶದ ಅಲಂಕಾರದ ಗಿಡ. ಹಣ್ಣೆಂದು ಹಕ್ಕಿ ಕುಕ್ಕುವಂಥದ್ದು ಅದರಲ್ಲಿ ಏನಿದೆ? ಪರದೇಶದ್ದೆಂಬುದು ನನ್ನ ತಕರಾರಲ್ಲ. ಗಸಗಸೆ ಹಣ್ಣಿನ ಮರವೂ ಅಮೆರಿಕದ ಉಷ್ಣವಲಯದಿಂದ ಬಂದದ್ದೇ, ಅದರಲ್ಲಿ ದಿನವಿಡೀ ಪಿಕಳಾರಗಳ ಜಾತ್ರೆ. ನೀವು ನೆಟ್ಟದ್ದು ಹಸಿರು ಬಣ್ಣದ ಗೋಡೆ. ಲೆಕ್ಕಕ್ಕೆ ಹತ್ತು, ಹಕ್ಕಿಯ ಹೊಟ್ಟೆಗೆ ಸೊನ್ನೆ. ಅತ್ತಿ ಕಡಿದ ಜಾಗಕ್ಕೆ ಅತ್ತಿಯನ್ನೇ ನೆಡಿ.

ನಮ್ಮ ಮನೆಯ ಹಿಂದಿನ ಖಾಲಿ ಜಾಗದ ಪೊದೆಗಳ ಕಥೆಯೂ ಇದೇ. ‘ಗಿಡಗಂಟಿ ಸ್ವಚ್ಛತೆ’ ಎಂದು ಜೆಸಿಬಿ ತರಿಸಿ ಕವಳಿ, ಪರಿಗೆ, ಕಾರೆ ಎಲ್ಲವನ್ನೂ ಬೇರು ಸಮೇತ ಎಬ್ಬಿಸಿದಿರಿ. ಲಂಟಾನವನ್ನು ಕಿತ್ತದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಬರಿದಾದ ಆ ನೆಲದಲ್ಲಿ ಮಳೆ ಬಿದ್ದೊಡನೆ ಮೊದಲು ತಲೆ ಎತ್ತಿದ್ದು ಅದೇ ಲಂಟಾನ. ಕವಳಿ ಇನ್ನೂ ಬಂದಿಲ್ಲ.

ಎರಡು ವರ್ಷದಿಂದ ತಮ್ಮ ಕಚೇರಿಯ ಮೂರನೆಯ ಮಹಡಿಗೆ ಹತ್ತುತ್ತಿದ್ದೇನೆ. ಲಿಫ್ಟ್ ಕೆಟ್ಟಿದೆ, ನನ್ನ ಮೊಣಕಾಲೂ ಕೆಟ್ಟಿದೆ. ಸಾಹೇಬರು ಸಭೆಯಲ್ಲಿದ್ದಾರೆ, ಸಾಹೇಬರು ಸ್ಥಳ ಪರಿಶೀಲನೆಗೆ ಹೋಗಿದ್ದಾರೆ (ಯಾವ ಸ್ಥಳವೋ!), ಕಡತ ಪಕ್ಕದ ಮೇಜಿನಲ್ಲಿದೆ, ಪಕ್ಕದ ಮೇಜಿನವರು ರಜೆಯಲ್ಲಿದ್ದಾರೆ. ಒಮ್ಮೆ ಒಬ್ಬರು ‘ನಿಮಗೆ ಬೇರೆ ಕೆಲಸವಿಲ್ಲವೇ?’ ಎಂದೂ ಕೇಳಿದರು. ಇದೆ, ಸ್ವಾಮಿ. ನಿಮ್ಮ ಕೆಲಸವನ್ನು ನಿಮಗೆ ನೆನಪಿಸುವುದೇ ಈಗ ನನ್ನ ಕೆಲಸವಾಗಿದೆ.

ಅಲ್ಲಿ ಕಾಯುತ್ತಾ ಕೂತಾಗ ಒಂದನ್ನು ಗಮನಿಸಿದೆ. ಕಿಟಕಿಯಾಚೆ, ತಮ್ಮ ಕಟ್ಟಡದ ಗೋಡೆಯ ಬಿರುಕಿನಲ್ಲಿ ಮೊಳದುದ್ದದ ಅರಳಿ ಸಸಿ ಬೆಳೆದಿದೆ. ಯಾವುದೋ ಹಕ್ಕಿ ಹಿಕ್ಕೆಯಲ್ಲಿ ಬಿತ್ತಿ ಹೋದದ್ದು. ಟೆಂಡರ್ ಇಲ್ಲ, ಬಿಲ್ಲಿಲ್ಲ. ಅತ್ತಿ ಸಸಿ ದಾಸ್ತಾನಿನಲ್ಲಿ ಇಲ್ಲವೆಂದು ಈ ಪತ್ರಕ್ಕೆ ಉತ್ತರ ಬರೆಯುವ ಯೋಚನೆಯಿದ್ದರೆ, ಆ ಸಸಿಯನ್ನಾದರೂ ಬೇರು ಹರಿಯದಂತೆ ಬಿಡಿಸಿಕೊಡಿ. ಗುಂಡಿ ನಾನೇ ತೋಡುತ್ತೇನೆ, ನೀರೂ ಹಾಕುತ್ತೇನೆ. ಅನುಮತಿಯ ಕಾಗದವನ್ನು ಮಾತ್ರ ದಯವಿಟ್ಟು ಮಳೆಗಾಲಕ್ಕೆ ಮುನ್ನ ಕಳುಹಿಸಿ.

ಇಂತಿ ತಮ್ಮ ವಿಶ್ವಾಸಿ,
ಕಡಿದ ಅತ್ತಿಮರದ ಎದುರುಮನೆಯ ನಿವಾಸಿ